ಒಂದಕ್ಷರದ ತಪ್ಪು: ಶಾಸನದ ಚಿತ್ರಗಳನ್ನು ಟೇಪಿನಲ್ಲಿ ಕಾಯ್ದಿಡುವ ಬಗೆ

ಶಾಸನ ಓದುವವರಿಗೆ ಒಂದಕ್ಷರದ ಬೆಲೆ ಎಷ್ಟು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಕೊಂಬು ಸವೆದರೆ ಊರಿನ ಹೆಸರು ಬೇರೆಯಾಗುತ್ತೆ. ಒಂದು ಅಂಕಿ ತಪ್ಪಿದರೆ ಅರಸನೇ ಬದಲಾಗುತ್ತಾನೆ. ಈ ಸಲ ನಾನು ಬರೆಯುತ್ತಿರುವ ಅಕ್ಷರ ಮಾತ್ರ ಕಲ್ಲಿನ ಮೇಲಿನದಲ್ಲ. ಲಿನಕ್ಸ್ ಕಂಪ್ಯೂಟರಿಗೆ ಕೊಟ್ಟ ಒಂದು ಆದೇಶದಲ್ಲಿ ನಾನೇ ಬಿಟ್ಟ ಇಂಗ್ಲಿಷಿನ 'ಎನ್' ಅದು. ಆ ಒಂದಕ್ಷರ ಬಿಟ್ಟುಹೋದದ್ದಕ್ಕೆ ನಮ್ಮ ಏಳು ತಿಂಗಳ ಕ್ಷೇತ್ರಕಾರ್ಯದ ಚಿತ್ರಗಳು ಹೋದವು. ಅವುಗಳಲ್ಲಿ ಒಂದು ಕಲ್ಲು ಈಗ ಜಾಗದಲ್ಲೂ ಇಲ್ಲ.

ಮೊದಲು ಆ ಕಲ್ಲಿನ ವಿಷಯ ಹೇಳಿಬಿಡ್ತೀನಿ. ಕೆರೆ ಏರಿಯ ಪಕ್ಕ ಅರ್ಧ ಹೂತಿದ್ದ ಒಂದು ತುರುಗೋಳ್ ವೀರಗಲ್ಲು. ಮೇಲಿನ ಪಟ್ಟಿಕೆ ಒಡೆದಿತ್ತು, ನಡುವಿನ ಪಟ್ಟಿಯಲ್ಲಿ ಐದು ಸಾಲು ಬರಹ. ನಾವು ಮೂವರು ಒಂದು ಬೆಳಿಗ್ಗೆ ಹೋಗಿ, ಮಣ್ಣು ಬಿಡಿಸಿ, ನೀರಲ್ಲಿ ತೊಳೆದು, ಓರೆ ಬೆಳಕಿನಲ್ಲಿ ನೂರೈವತ್ತು ಚಿತ್ರ ತೆಗೆದೆವು. ಪಡಿಯಚ್ಚು ತೆಗೆಯೋಕೆ ಅವತ್ತು ಕಾಗದ ಸಾಲಲಿಲ್ಲ, ಮುಂದಿನ ಸಲ ತೆಗೆದರಾಯ್ತು ಅಂದುಕೊಂಡು ಬಂದೆವು. ಮುಂದಿನ ಸಲ ಹೋದಾಗ ಏರಿ ರಿಪೇರಿ ಮುಗಿದಿತ್ತು, ಕಲ್ಲು ಇರಲಿಲ್ಲ. ಜೆಸಿಬಿ ಓಡಿಸಿದವರನ್ನು ಕೇಳಿದರೆ "ಕಲ್ಲು ಬೇಕಾದಷ್ಟಿದ್ವು ಸಾರ್, ಯಾವ್ದು ಅಂತ ಹೇಳ್ಲಿ" ಅಂದರು. ಹೋಗಲಿ, ಚಿತ್ರ ಇದೆಯಲ್ಲ ಅಂತ ನಾವು ಸಮಾಧಾನ ಮಾಡಿಕೊಂಡೆವು.

ಚಿತ್ರಗಳು ಇದ್ದದ್ದು ನಾಲ್ಕು ಹಾರ್ಡ್ ಡಿಸ್ಕ್ ಸೇರಿಸಿ ಕಟ್ಟಿದ ಒಂದು ಪೆಟ್ಟಿಗೆಯಲ್ಲಿ. ಒಂದು ಡಿಸ್ಕ್ ಕೆಟ್ಟರೂ ಉಳಿದ ಮೂರರಿಂದ ಎಲ್ಲ ಮಾಹಿತಿ ಮರಳಿ ಬರುವ ರೇಡ್ ವ್ಯವಸ್ಥೆ. ಇದನ್ನೇ ಬ್ಯಾಕಪ್ ಅಂತ ತಿಳಿದವರು ಬಹಳ ಜನ ಇದ್ದಾರೆ. ಅಲ್ಲ. ಒಂದು ಡಿಸ್ಕ್ ಕೆಟ್ಟು, ಹೊಸದು ಹಾಕಿ ಅದನ್ನು ತುಂಬಿಸುತ್ತಿರುವಾಗಲೇ ಎರಡನೆಯದೂ ಕೆಟ್ಟರೆ ನಾಲ್ಕೂ ಹೋದ ಹಾಗೆ. ನಾಲ್ಕನ್ನೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡಿದ್ದರೆ ಅವು ಒಟ್ಟಿಗೇ ಮುದಿಯಾಗುತ್ತವೆ, ಇದು ಆಗುವಂಥದ್ದೇ. ನಮಗೂ ಹಾಗೇ ಆಯಿತು. ಆದರೂ ನಾನು ಗಾಬರಿಯಾಗಲಿಲ್ಲ. ಟೇಪ್ ಇತ್ತು. ಪ್ರತಿ ಭಾನುವಾರ ರಾತ್ರಿ ಆ ವಾರದ ಹೊಸ ಚಿತ್ರಗಳು ತಾವಾಗೇ ಟೇಪಿಗೆ ಹೋಗುವಂತೆ ನಾನೇ ಏರ್ಪಾಡು ಮಾಡಿದ್ದೆ. ಪ್ರತಿ ಸೋಮವಾರ ಬೆಳಿಗ್ಗೆ 'ಯಶಸ್ವಿಯಾಗಿ ಮುಗಿಯಿತು' ಅಂತ ಸಂದೇಶ ಬರುತ್ತಿತ್ತು.

ಟೇಪ್ ಅಂದಾಗ ಹಳೇ ಕ್ಯಾಸೆಟ್ಟು ನೆನಪಾದರೆ ತಪ್ಪೇನಿಲ್ಲ, ವಂಶ ಒಂದೇ. ಈಗ ಬಳಕೆಯಲ್ಲಿರುವುದು ಎಲ್‌ಟಿಒ ಎನ್ನುವ ಬಗೆ. ಮೊದಲ ತಲೆಮಾರು 2000ದಲ್ಲಿ ಬಂತು, ಒಂದು ಕಾರ್ಟ್ರಿಜ್‌ಗೆ 100 ಗಿಗಾಬೈಟ್ ಹಿಡಿಸುತ್ತಿತ್ತು. ನಮ್ಮಲ್ಲಿರುವುದು 2012ರ ಆರನೇ ತಲೆಮಾರಿನ ಡ್ರೈವ್, ಯಾರೋ ಬಳಸಿ ಬಿಟ್ಟದ್ದನ್ನು ಕೊಂಡದ್ದು. ಅದರ ಕಾರ್ಟ್ರಿಜ್ ಒಂದಕ್ಕೆ 2.5 ಟೆರಾಬೈಟ್. ಡಬ್ಬಿಯ ಮೇಲೆ 6.25 ಅಂತ ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ, ನಂಬಬೇಡಿ. ಮಾಹಿತಿಯನ್ನು ಎರಡೂವರೆ ಪಟ್ಟು ಕುಗ್ಗಿಸಿದರೆ ಬರುವ ಲೆಕ್ಕ ಅದು. ಚಿತ್ರದ ಫೈಲುಗಳು ಕ್ಯಾಮೆರಾದಲ್ಲೇ ಕುಗ್ಗಿ ಬಂದಿರುತ್ತವೆ, ಮತ್ತೆ ಕುಗ್ಗೋದಿಲ್ಲ.

ಒಳಗಿರುವುದು ಅರ್ಧ ಇಂಚು ಅಗಲ, 846 ಮೀಟರ್ ಉದ್ದದ ಪಟ್ಟಿ. ಅದರ ಮೇಲೆ ಬರಹ ಹೇಗೆ ಕೂರುತ್ತದೆ ಅನ್ನುವುದು ಶಾಸನಾಸಕ್ತರಿಗೆ ಖುಷಿ ಕೊಡುವ ವಿಷಯ. ಪಟ್ಟಿ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುವಾಗ 16 ಹಾದಿಗಳನ್ನು ಒಟ್ಟಿಗೆ ಬರೆಯುತ್ತೆ. ತುದಿ ಮುಟ್ಟಿದ ಮೇಲೆ ಹಿಂದಕ್ಕೆ ಸುತ್ತಿಕೊಂಡು ಮೊದಲಿಂದ ಶುರು ಮಾಡೋದಿಲ್ಲ, ತಲೆ ಸ್ವಲ್ಪ ಪಕ್ಕಕ್ಕೆ ಸರಿದು ವಾಪಸ್ ಬರುವಾಗಲೂ ಬರೆಯುತ್ತಾ ಬರುತ್ತೆ. ಹೊಲ ಉಳುವ ಎತ್ತು ತಿರುಗಿದ ಹಾಗೆ. ಆಂಧ್ರದ ಕರ್ನೂಲು ಸೀಮೆಯ ಎರ್ರಗುಡಿಯ ಬಂಡೆಯ ಮೇಲೆ ಅಶೋಕನ ಕಿರುಶಾಸನದ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ ಇವೆಯಲ್ಲ, ಅದೇ ಬಗೆ. ನಮ್ಮ ಟೇಪ್ ಪೂರ್ತಿ ತುಂಬಬೇಕಾದರೆ ಹೀಗೆ 136 ಸಲ ಆ ತುದಿಗೂ ಈ ತುದಿಗೂ ಓಡಾಡಬೇಕು.

ಟೇಪಿಗೂ ಹಾರ್ಡ್ ಡಿಸ್ಕಿಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿಂದಲೇ ಬರುತ್ತದೆ. ಡಿಸ್ಕಿನಲ್ಲಿ ಫೈಲುಗಳ ಪಟ್ಟಿ ಇರುತ್ತೆ, ಬೇಕಾದ ಕಡೆ ಹೋಗಿ ಬೇಕಾದ್ದನ್ನು ತಿದ್ದಬಹುದು. ಬರಿಯ ಟೇಪಿನಲ್ಲಿ ಅಂಥ ಪಟ್ಟಿ ಇಲ್ಲ. ಒಂದಾದ ಮೇಲೆ ಒಂದು ಕಟ್ಟು, ಪ್ರತಿ ಕಟ್ಟಿನ ಕೊನೆಗೆ ಒಂದು ಗುರುತು, ಅಷ್ಟೇ. ಶಾಸನದ ಕೊನೆಯಲ್ಲಿ ದಂಡವೋ ಹೂವೋ ಮಂಗಳ ಮಹಾ ಶ್ರೀ ಅಂತಲೋ ಇರುತ್ತಲ್ಲ, ಅಂಥದ್ದು. ಮೂರನೇ ಕಟ್ಟು ಬೇಕಾದರೆ ಮೊದಲಿಗೆ ಸುತ್ತಿಕೊಂಡು ಹೋಗಿ ಎರಡು ಗುರುತು ದಾಟಬೇಕು.

ಇನ್ನೊಂದು ಮಾತು, ಇದೇ ಎಲ್ಲಕ್ಕಿಂತ ಮುಖ್ಯ. ಟೇಪಿನಲ್ಲಿ ಎಲ್ಲಿ ಬರೆದರೆ ಅಲ್ಲಿಗೇ ಟೇಪು ಮುಗಿಯಿತು ಅಂತ ಲೆಕ್ಕ. ತುಂಬಿದ ಟೇಪಿನ ಮೊದಲಿಗೆ ಹೋಗಿ ಒಂದೇ ಒಂದು ಚಿತ್ರ ಬರೆದರೆ, ಅದರ ಮುಂದೆ 'ಇಲ್ಲಿಗೆ ಮುಗಿಯಿತು' ಅನ್ನೋ ಗುರುತು ಬೀಳುತ್ತೆ. ಅದರಾಚೆಗಿನ ಹಳೇ ಮಾಹಿತಿ ಪಟ್ಟಿಯ ಮೇಲೆ ಇನ್ನೂ ಇದ್ದರೂ ಡ್ರೈವ್ ಅದನ್ನು ದಾಟಿ ಹೋಗಿ ಓದಿಕೊಡೋದಿಲ್ಲ. ಹಳೇ ತಾಮ್ರಪಟ ತಟ್ಟಿ ಅಳಿಸಿ ಮೇಲೆ ಹೊಸ ದಾನ ಕೊರೆದರೂ ಓರೆ ಬೆಳಕಲ್ಲಿ ಹಳೆಯ ಗೆರೆ ಕಾಣುತ್ತೆ. ಇಲ್ಲಿ ಆ ಅನುಕೂಲವೂ ಇಲ್ಲ.

ಈಗ ಆ 'ಎನ್' ವಿಷಯಕ್ಕೆ ಬರೋಣ. ಲಿನಕ್ಸ್‌ನಲ್ಲಿ ಒಂದೇ ಟೇಪ್ ಡ್ರೈವ್‌ಗೆ ಎರಡು ಹೆಸರಿರುತ್ತವೆ: ಎಸ್‌ಟಿ0 ಮತ್ತು ಎನ್‌ಎಸ್‌ಟಿ0. ಯಂತ್ರ ಒಂದೇ, ನಡವಳಿಕೆ ಬೇರೆ. ಎಸ್‌ಟಿ0 ಅಂತ ಕರೆದು ಬರೆಸಿದರೆ ಕೆಲಸ ಮುಗಿದ ತಕ್ಷಣ ಟೇಪ್ ತಾನಾಗೇ ಮೊದಲಿಗೆ ಸುತ್ತಿಕೊಳ್ಳುತ್ತೆ. ಎನ್‌ಎಸ್‌ಟಿ0 ಅಂತ ಕರೆದರೆ ಎಲ್ಲಿ ನಿಂತಿತೋ ಅಲ್ಲೇ ಕಾಯುತ್ತೆ. ಆ 'ಎನ್' ಅಂದರೆ ಸುತ್ತಬೇಡ ಅಂತ. ನಾನು ಬರೆದದ್ದು ಎಸ್‌ಟಿ0. ಹಾಗಾಗಿ ಮೊದಲ ಭಾನುವಾರದ ಕಟ್ಟು ಬರೆದು ಟೇಪ್ ಮೊದಲಿಗೆ ಬಂತು. ಎರಡನೇ ಭಾನುವಾರದ ಕಟ್ಟು ಅದರ ಮೇಲೇ ಕೂತಿತು, ಮೂರನೆಯದು ಎರಡನೆಯದರ ಮೇಲೆ. ಏಳು ತಿಂಗಳ ಕೊನೆಗೆ ಟೇಪಿನಲ್ಲಿ ಉಳಿದಿದ್ದು ಕೊನೆಯ ವಾರದ ಒಂದೇ ಒಂದು ಕಟ್ಟು, ಅದೂ ನಮ್ಮ ಸಂಘದ ವಾರ್ಷಿಕ ಸಭೆಯ ಊಟದ ಫೋಟೋಗಳು! ಪ್ರತಿ ಸೋಮವಾರದ ಸಂದೇಶ ಸುಳ್ಳು ಹೇಳಿರಲಿಲ್ಲ ಅನ್ನಿ. ಬರೆಯುವ ಕೆಲಸ ಯಶಸ್ವಿಯಾಗೇ ಮುಗಿದಿತ್ತು. ಎಲ್ಲಿ ಬರೆದೆ ಅಂತ ಅದನ್ನು ಯಾರೂ ಕೇಳಿರಲಿಲ್ಲ.

ಎಲ್‌ಟಿಒ ಡ್ರೈವ್ ಬರೆಯುತ್ತಿರುವಾಗಲೇ ಬರೆದದ್ದನ್ನು ಇನ್ನೊಂದು ತಲೆಯಿಂದ ಓದಿ ಸರಿ ನೋಡುತ್ತೆ, ತಪ್ಪಿದ್ದರೆ ಮತ್ತೆ ಬರೆಯುತ್ತೆ. ಅಷ್ಟು ಜಾಗ್ರತೆಯ ಯಂತ್ರ. ಆದರೆ ಅದು ನೋಡೋದು ಕೊರೆತ ಸರಿಯಾಗಿದೆಯೇ ಅಂತ ಮಾತ್ರ, ಯಾವ ಕಲ್ಲಿನ ಮೇಲೆ ಕೊರೆದೆ ಅಂತ ಅಲ್ಲ. ರೂವಾರಿಯ ಕೈ ಚೆನ್ನಾಗಿದ್ದರೆ ಸಾಕೇ, ಪಾಠ ಬರೆದುಕೊಟ್ಟವನೂ ಸರಿಯಿರಬೇಕಲ್ಲ.

ಈಗ ನಾವು ಮಾಡೋ ಕ್ರಮ ಬೇರೆ. ಟೇಪ್ ಹಾಕಿದ ಮೇಲೆ ಎಂಟಿ ಎನ್ನುವ ಚಿಕ್ಕ ಆದೇಶದಿಂದ ಮೊದಲು ಸ್ಥಿತಿ ಕೇಳ್ತೀವಿ. ಎಷ್ಟನೇ ಕಟ್ಟಿನಲ್ಲಿ ನಿಂತಿದೆ, ಟೇಪಿನ ಮೊದಲಲ್ಲಿದೆಯೋ ಕೊನೆಯಲ್ಲಿದೆಯೋ, ಬರೆಯದಂತೆ ಬೀಗ ಹಾಕಿದೆಯೋ ಅನ್ನೋದನ್ನೆಲ್ಲ ಅದು ಹೇಳುತ್ತೆ. ಹೊಸದಾಗಿ ಹಾಕಿದ ಟೇಪ್ ಯಾವಾಗಲೂ ಮೊದಲಲ್ಲೇ ಇರುತ್ತೆ, ಎನ್‌ಎಸ್‌ಟಿ0 ಅಂತ ಕರೆದರೂ ಅಷ್ಟೇ. ಇದನ್ನು ಮರೆತರೆ 'ಎನ್' ಇದ್ದೂ ಅದೇ ಅನಾಹುತ ಆಗುತ್ತೆ. ಆದ್ದರಿಂದ ಅದೇ ಎಂಟಿಗೆ ಇಒಡಿ ಅಂತ ಹೇಳಿ, ಮಾಹಿತಿ ಮುಗಿಯುವ ಜಾಗಕ್ಕೆ ಟೇಪನ್ನು ಒಯ್ದು, ಕಟ್ಟಿನ ಸಂಖ್ಯೆ ನಮ್ಮ ಪುಸ್ತಕದಲ್ಲಿರುವ ಸಂಖ್ಯೆಗೆ ತಾಳೆಯಾಗುತ್ತಾ ಅಂತ ನೋಡಿ, ಆಮೇಲೆ ಬರೆಸೋದು. ತಾಳೆಯಾಗದಿದ್ದರೆ ಬರೆಯೋದೇ ಇಲ್ಲ. ಇದನ್ನು ಈಗ ಸ್ಕ್ರಿಪ್ಟೇ ಮಾಡುತ್ತೆ. ಆದರೂ ಒಬ್ಬರು ಪಕ್ಕದಲ್ಲಿ ಕೂತು ನೋಡಬೇಕು ಅಂತ ನಾವೇ ಇಟ್ಟುಕೊಂಡ ನಿಯಮ.

ಕಟ್ಟು ಕಟ್ಟೋದಕ್ಕೆ ಟಾರ್ ಬಳಸ್ತೀವಿ. ಹೆಸರೇ ಟೇಪ್ ಆರ್ಕೈವ್ ಅನ್ನುವುದರ ಚುಟುಕು, 1979ರ ಯೂನಿಕ್ಸ್ ಏಳನೇ ಆವೃತ್ತಿಯ ಕಾಲದಿಂದ ಇದೆ. ಐದನೇ ತಲೆಮಾರಿನಿಂದೀಚೆಗೆ ಎಲ್‌ಟಿಎಫ್‌ಎಸ್ ಎನ್ನುವ ಅನುಕೂಲವೂ ಬಂದಿದೆ, ಟೇಪನ್ನು ಪೆನ್‌ಡ್ರೈವ್ ಥರ ತೆರೆದು ಫೋಲ್ಡರ್ ನೋಡಬಹುದು. ಹೊಸಬರಿಗೆ ಅದು ಸುಲಭ, ಬೇಡ ಅನ್ನಲ್ಲ. ನನಗೆ ಮಾತ್ರ ನಲವತ್ತು ವರ್ಷಕ್ಕೂ ಮಿಕ್ಕಿ ಎಲ್ಲ ಕಡೆ ತೆರೆಯುತ್ತಾ ಬಂದಿರೋ ಟಾರ್ ಮೇಲೆ ಹೆಚ್ಚು ನಂಬಿಕೆ.

ಟಾರ್‌ನಲ್ಲಿ ಒಂದು ಸೂಕ್ಷ್ಮ ಇದೆ. ತಾನಾಗಿ ಬಿಟ್ಟರೆ ಅದು 10 ಕಿಲೋಬೈಟ್‌ನ ಸಣ್ಣ ತುಂಡುಗಳಾಗಿ ಬರೆಯುತ್ತೆ, ಎಲ್‌ಟಿಒಗೆ ಅದು ತೀರಾ ಚಿಕ್ಕದು. ನಾವು 'ಬಿ' ಆಯ್ಕೆಗೆ 512 ಅಂತ ಕೊಟ್ಟು 256 ಕಿಲೋಬೈಟ್ ತುಂಡು ಮಾಡ್ತೀವಿ. ಇದನ್ನು ಕಾರ್ಟ್ರಿಜ್ ಮೇಲಿನ ಚೀಟಿಯಲ್ಲಿ ಬರೆದಿಡಲೇಬೇಕು. ಇಲ್ಲದಿದ್ದರೆ ಹತ್ತು ವರ್ಷದ ಮೇಲೆ ಯಾರೋ ಅದನ್ನು ಸಣ್ಣ ತುಂಡು ಅಂದುಕೊಂಡು ಓದಲು ಹೋದಾಗ 'ಮೆಮೊರಿ ಸಾಲದು' ಅನ್ನೋ ಅರ್ಥದ ದೋಷ ಬರುತ್ತೆ. ಅವರು ಕಂಪ್ಯೂಟರಿಗೆ ಇನ್ನಷ್ಟು ಮೆಮೊರಿ ಹಾಕಿಸಿ ನೋಡ್ತಾರೆ, ಆಮೇಲೆ ಟೇಪೇ ಕೆಟ್ಟಿದೆ ಅಂತ ಎಸೀತಾರೆ. ಟೇಪ್ ಸರಿಯಾಗೇ ಇರುತ್ತೆ, ತುಂಡಿನ ಅಳತೆ ಹೇಳಿದವರಿರಲ್ಲ.

ವೇಗದ ವಿಷಯವೂ ಇದೆ. ನಮ್ಮ ಡ್ರೈವ್ ಸೆಕೆಂಡಿಗೆ 160 ಮೆಗಾಬೈಟ್ ಬರೆಯಬಲ್ಲದು. ಎದುರಿಗಿನ ಹಳೇ ಡಿಸ್ಕ್ ಸಾವಿರಾರು ಸಣ್ಣ ಫೈಲುಗಳನ್ನು ಹುಡುಕಿ ಹುಡುಕಿ ಕೊಡುವಾಗ ಅಷ್ಟು ವೇಗ ಬರಲ್ಲ. ಆಗ ಟೇಪ್ ನಿಂತು, ಹಿಂದಕ್ಕೆ ಬಂದು, ಮತ್ತೆ ಓಡಿ, ಮತ್ತೆ ನಿಂತು ಪರದಾಡುತ್ತೆ. ಬೂಟ್ ಪಾಲಿಶ್ ಮಾಡುವವರ ಬಟ್ಟೆ ಹಿಂದೆ ಮುಂದೆ ಹೋದ ಹಾಗೆ ಅಂತ ಇದಕ್ಕೊಂದು ಹೆಸರೂ ಇದೆ. ಪಟ್ಟಿಯೂ ತಲೆಯೂ ಎರಡೂ ಸವೆಯುತ್ತವೆ. ಎಂಬಫರ್ ಎನ್ನುವ ಉಪಕರಣವನ್ನು ನಡುವೆ ಇಟ್ಟರೆ ಅದು ಮೊದಲು ಮೆಮೊರಿಯಲ್ಲಿ ಕೆಲವು ಗಿಗಾಬೈಟ್ ತುಂಬಿಸಿಕೊಂಡು ಆಮೇಲೆ ಒಂದೇ ಓಟದಲ್ಲಿ ಟೇಪಿಗೆ ಸುರಿಯುತ್ತೆ. ಏತದ ನೀರು ತೊಟ್ಟಿಗೆ ತುಂಬಿಸಿ ಆಮೇಲೆ ಕಾಲುವೆಗೆ ಬಿಟ್ಟ ಹಾಗೆ.

ಪಟ್ಟಿಯಿಲ್ಲದ ಟೇಪಿನಲ್ಲಿ ಏನಿದೆ ಅಂತ ತಿಳಿಯೋದು ಹೇಗೆ? ಪೂರ್ತಿ ಓದಿಯೇ ತಿಳಿಯಬೇಕು, ತುಂಬಿದ ಟೇಪಿಗೆ ನಾಲ್ಕೂಕಾಲು ಗಂಟೆಗೂ ಮೇಲೆ ಬೇಕು. ಅದಕ್ಕೇ ಬರೆಯುವ ಮೊದಲೇ ಎಲ್ಲ ಫೈಲುಗಳ ಹೆಸರು ಮತ್ತು ಪ್ರತಿಯೊಂದರ ಶಾ256 ಮೊತ್ತದ ಪಟ್ಟಿ ತಯಾರಿಸ್ತೀವಿ. ಈ ಮೊತ್ತ ಅಂದರೆ ಫೈಲಿನ ಬೆರಳಚ್ಚು, ಒಳಗೆ ಒಂದು ಚುಕ್ಕೆ ಬದಲಾದರೂ ಬೇರೆಯಾಗುತ್ತೆ. ಪಟ್ಟಿಯ ಒಂದು ಪ್ರತಿ ಟೇಪಿನಲ್ಲೇ ಮೊದಲ ಕಟ್ಟಾಗಿ ಹೋಗುತ್ತೆ, ಒಂದು ಬೇರೆ ಡಿಸ್ಕಿನಲ್ಲಿರುತ್ತೆ. ಹೆಸರುಗಳ ಪಟ್ಟಿಯನ್ನು ಕಾಗದದ ಮೇಲೂ ಮುದ್ರಿಸಿ ದಾರ ಹಾಕಿ ಹೊಲಿದಿಟ್ಟಿದ್ದೀವಿ. ಫೋಲ್ಡರಿನ ಹೆಸರಿಗೆ ಜಿಲ್ಲೆ, ತಾಲೂಕು, ಊರು, ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಸಂಖ್ಯೆ ಇದ್ದರೆ ಅದು. ಬಿ.ಎಲ್. ರೈಸರು ಹಾಕಿಕೊಟ್ಟ ತಾಲೂಕುವಾರು ಸಂಖ್ಯೆಯ ಕ್ರಮ ಇವತ್ತಿಗೂ ಕೆಲಸಕ್ಕೆ ಬರುತ್ತೆ. ನಾನು ಇದಕ್ಕಿಂತ ಒಳ್ಳೇದನ್ನು ಹುಡುಕಲು ಹೋಗಿ ಎರಡು ವಾರ ಹಾಳು ಮಾಡಿಕೊಂಡೆ.

ಟೇಪುಗಳು ಮೂರು ಜೊತೆ. ಒಂದು ಡ್ರೈವ್ ಇರುವ ಕೋಣೆಯಲ್ಲೇ, ಒಂದು ನಮ್ಮ ಮನೆಯ ಗಾಡ್ರೇಜ್ ಬೀರುವಿನಲ್ಲಿ, ಇನ್ನೊಂದು ಶಿವಮೊಗ್ಗದ ಗೆಳೆಯರ ಮನೆಯಲ್ಲಿ. ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರೂ ಕಡೆ ಅಶೋಕನ ಅದೇ ಕಿರುಶಾಸನ ಇದೆ. ರೈಸರು 1892ರಲ್ಲಿ ಕಂಡದ್ದು. ಜಟಿಂಗ ರಾಮೇಶ್ವರದ ಪ್ರತಿ ತೀರಾ ಸವೆದಿದೆ, ಉಳಿದೆರಡು ಇಲ್ಲದೇ ಹೋಗಿದ್ದರೆ ಅದನ್ನು ಕೂಡಿಸಿ ಓದಲು ಹರಸಾಹಸವೇ ಆಗುತ್ತಿತ್ತು. ಆದರೆ ಮೂರೂ ಒಂದೇ ನೆರೆಯಲ್ಲಿವೆ. 1915ರಲ್ಲಿ ದೂರದ ಮಸ್ಕಿಯಲ್ಲಿ ಸಿಕ್ಕ ಪ್ರತಿಯಲ್ಲೇ ಅಲ್ಲವೇ 'ದೇವಾನಾಂಪಿಯ'ನ ಜೊತೆ ಅಶೋಕ ಎಂಬ ಹೆಸರು ಕಂಡದ್ದು? ಒಂದು ಪ್ರತಿ ದೂರದಲ್ಲಿರಲಿ ಅನ್ನೋದನ್ನು ನಾನು ಕಂಪ್ಯೂಟರಿನವರಿಂದ ಕಲಿಯುವ ಮುಂಚೆ ಅಲ್ಲಿಂದ ಕಲಿಯಬೇಕಿತ್ತು.

ಡ್ರೈವ್‌ನಿಂದ ಹೊರಗೆ ಬೀರುವಿನಲ್ಲಿರುವ ಟೇಪಿಗೆ ವೈರಸ್ ತಗಲೋದಿಲ್ಲ, ಇದೊಂದು ದೊಡ್ಡ ಅನುಕೂಲ. 2011ರ ಫೆಬ್ರವರಿಯಲ್ಲಿ ಒಂದು ತಂತ್ರಾಂಶ ದೋಷದಿಂದ ಕೆಲವರ ಜಿಮೇಲ್ ಖಾಲಿಯಾದಾಗ ಗೂಗಲ್‌ನವರು ಅದನ್ನು ತುಂಬಿಸಿಕೊಟ್ಟದ್ದು ಟೇಪಿನಿಂದಲೇ. ಅವರ ಡಿಸ್ಕುಗಳಲ್ಲಿದ್ದ ಹಲವು ಪ್ರತಿಗಳಿಗೆ ಆ ದೋಷ ತಲುಪಿತ್ತು, ಟೇಪಿಗೆ ತಲುಪಿರಲಿಲ್ಲ. ತುಂಬಿದ ಕಾರ್ಟ್ರಿಜ್‌ನ ಮೂಲೆಯ ಚಿಕ್ಕ ಗುಂಡಿ ಸರಿಸಿ ಬೀಗ ಹಾಕಿಬಿಡಿ, ಆಮೇಲೆ ನನ್ನಂಥವರೂ ಅದರ ಮೇಲೆ ಬರೆಯಲಾರರು.

ನಮ್ಮ ಹವೆಗೆ ಜಾಗ್ರತೆ ಬೇಕು. ಬಹುಕಾಲ ಇಡೋ ಟೇಪಿಗೆ 16ರಿಂದ 25 ಡಿಗ್ರಿ, ತೇವಾಂಶ ಶೇಕಡಾ 20ರಿಂದ 50 ಇರಲಿ ಅನ್ನುತ್ತಾರೆ. ಹಾಗಿದ್ದರೆ 30 ವರ್ಷ ಬಾಳುತ್ತೆ ಅನ್ನೋದು ತಯಾರಕರ ಮಾತು. ಮಲೆನಾಡಿನ ಆಷಾಢದಲ್ಲಿ ಶೇಕಡಾ 50 ಎಲ್ಲಿಂದ ತರೋದು? ಶಿವಮೊಗ್ಗದ ಜೊತೆಯನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಟ್ಟಿದ್ದೀವಿ, ಗೆಳೆಯರ ಹೆಂಡತಿ ಹಪ್ಪಳದ ಡಬ್ಬಿಯ ಪಕ್ಕ ಅದಕ್ಕೂ ಜಾಗ ಕೊಟ್ಟಿದ್ದಾರೆ. ಅಲ್ಲಿಂದ ತಂದ ಟೇಪನ್ನು ತಕ್ಷಣ ಡ್ರೈವ್‌ಗೆ ಹಾಕಬಾರದು, ಒಂದು ದಿನ ಕೋಣೆಯಲ್ಲಿಟ್ಟು ಅಲ್ಲಿನ ಹವೆಗೆ ಹೊಂದಿಕೊಳ್ಳಲು ಬಿಡಬೇಕು.

ಪಟ್ಟಿ 30 ವರ್ಷ ಬಾಳಿದರೂ ಅದನ್ನು ಓದೋ ಯಂತ್ರ ಬಾಳಬೇಕಲ್ಲ. ಏಳನೇ ತಲೆಮಾರಿನವರೆಗೂ ಡ್ರೈವ್‌ಗಳು ಹಿಂದಿನ ಎರಡು ತಲೆಮಾರು ಓದುತ್ತಿದ್ದವು, ಎಂಟರದ್ದು ಹಿಂದಿನ ಒಂದೇ ತಲೆಮಾರು ಓದುತ್ತೆ. ನಮ್ಮ ಆರನೆಯದನ್ನು ಏಳರ ಡ್ರೈವ್ ಓದುತ್ತೆ, ಎಂಟರದ್ದು ಓದಲ್ಲ. 14ನೇ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಅಶೋಕನ ಕಂಬಗಳನ್ನು ಜೋಪಾನವಾಗಿ ದೆಹಲಿಗೆ ಸಾಗಿಸಿದ. ಅಕ್ಷರ ಚೆನ್ನಾಗೇ ಇದ್ದವು, ಓದುವವರು ಮಾತ್ರ ಒಬ್ಬರೂ ಸಿಗಲಿಲ್ಲ. ಅದಕ್ಕೆ 1837ರಲ್ಲಿ ಪ್ರಿನ್ಸೆಪ್ ಬರಬೇಕಾಯಿತು. ಹಾಗಾಗಿ ನಮ್ಮ ಡ್ರೈವ್ ಓಡುತ್ತಿರುವಾಗಲೇ ಎಲ್ಲವನ್ನೂ ಏಳಕ್ಕೋ ಎಂಟಕ್ಕೋ ನಕಲು ಮಾಡಬೇಕು. ದುಡ್ಡು ಕೂಡಿಸ್ತಾ ಇದ್ದೀವಿ.

ಇನ್ನು ಓದಿ ನೋಡುವ ಕೆಲಸ. ನಾನು ಆ ಏಳು ತಿಂಗಳಲ್ಲಿ ಒಂದೇ ಒಂದು ಸಲ, ಮೂರು ವಾರದ ಹಿಂದಿನ ಒಂದು ಚಿತ್ರವನ್ನು ಟೇಪಿನಿಂದ ಮರಳಿ ತೆಗೆಯಲು ನೋಡಿದ್ದರೆ ಅವತ್ತೇ ತಿಳಿಯುತ್ತಿತ್ತು. ಮಾಡಲಿಲ್ಲ. ಈಗ ತಿಂಗಳಿಗೊಂದು ಟೇಪನ್ನು ಪೂರ್ತಿ ಖಾಲಿ ಡಿಸ್ಕಿಗೆ ಇಳಿಸಿ, ಬೆರಳಚ್ಚುಗಳನ್ನು ಪಟ್ಟಿಗೆ ತಾಳೆ ನೋಡಿ, ಯಾವುದಾದರೂ ಹತ್ತು ಚಿತ್ರ ತೆರೆದು ಕಣ್ಣಾರೆ ನೋಡ್ತೀವಿ. ಇಳಿಸುವವರು ಬರೆದವರಾಗಿರಬಾರದು ಅಂತಲೂ ಇಟ್ಟುಕೊಂಡಿದ್ದೀವಿ. ನಾನು ಬರೆದರೆ ಇನ್ನೊಬ್ಬರು ಪುಸ್ತಕ ಮತ್ತು ಚೀಟಿ ಮಾತ್ರ ನೋಡಿಕೊಂಡು, ನನ್ನನ್ನು ಕೇಳದೆ ಇಳಿಸಬೇಕು. ಮೊದಲ ಸಲವೇ ನನ್ನ ಚೀಟಿಯಲ್ಲಿ ತುಂಡಿನ ಅಳತೆ ಬಿಟ್ಟುಹೋಗಿದ್ದು ಸಿಕ್ಕಿಬಿತ್ತು.

ಆ ವೀರಗಲ್ಲಿನ ಕಥೆ ಇಷ್ಟಾಗಿದೆ. ಅವತ್ತು ಸ್ಥಳದಲ್ಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಪಾಠ ಇದೆ. ಊರಿನ ಹುಡುಗನೊಬ್ಬ ಫೋನಿನಲ್ಲಿ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ್ದ ಎರಡು ಚಿತ್ರ ಸಿಕ್ಕಿವೆ, ಕುಗ್ಗಿ ಮಸುಕಾಗಿವೆ. ತುರು ಮರಳಿಸಿ ಸತ್ತವನ ಹೆಸರು ಓದಬಹುದು. ಶಕವರ್ಷದ ಕೊನೆಯ ಅಂಕಿ ನನ್ನ ಕಣ್ಣಿಗೆ ಒಂದು, ಗೆಳೆಯರ ಕಣ್ಣಿಗೆ ಏಳು. ಸಂವತ್ಸರದ ಹೆಸರು ಕಲ್ಲಿನಲ್ಲೇ ಸವೆದಿತ್ತು, ಅದರಿಂದ ತೀರ್ಮಾನ ಆಗಲ್ಲ. ನೋಟ್‌ಬುಕ್ಕಿನಲ್ಲಿ ನಾನು ಒಂದು ಅಂತ ಬರೆದು, ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕಿ, 'ಮನೆಗೆ ಹೋಗಿ ಚಿತ್ರದಲ್ಲಿ ನೋಡುವುದು' ಅಂತ ಬರೆದಿದ್ದೀನಿ. ಪಾಠವನ್ನು ಪ್ರಕಟಿಸುವಾಗ ಆ ಅಂಕಿಯ ಜಾಗವನ್ನು ತ್ರುಟಿತ ಅಂತಲೇ ತೋರಿಸಿದ್ದೇವೆ. ಈ ತಿಂಗಳು ಇಳಿಸಿ ನೋಡಬೇಕಾದದ್ದು ನಾಲ್ಕನೇ ಟೇಪ್, ಸರದಿ ಗೆಳೆಯರದ್ದು.